ಮಾತ್ರೆಗೆ ಬಗ್ಗದ ನೋವು



ಡಾಕ್ಟರು ಚೀಟಿ ಬರೆದುಕೊಟ್ಟರು, ಮಾತ್ರೆ ತಂದಿದ್ದಾಯಿತು, ಹೊತ್ತುಹೊತ್ತಿಗೆ ನುಂಗಿದ್ದೂ ಆಯಿತು. ಆದರೂ ನೋವು ಇದ್ದ ಹಾಗೇ ಇದೆ! ಆಗ ಮನೆಯಲ್ಲಿ ಏನಾಗುತ್ತದೆ ಹೇಳಿ? ನೋವು ಅತ್ತೆಯವರಿಗಾದರೆ, "ವಯಸ್ಸಾಯ್ತಲ್ಲ, ಸಹಿಸ್ಕೋಬೇಕು" ಅನ್ನುತ್ತಾರೆ. ಸೊಸೆಗಾದರೆ, "ಕೆಲಸ ತಪ್ಪಿಸ್ಕೊಳ್ಳೋಕೆ ನೆಪ" ಎಂಬ ಮಾತು ಬರುತ್ತದೆ. ನೋಯುವವಳು ಬಾಯಿ ಮುಚ್ಚಿಕೊಂಡು ಅಂಗಡಿಯಿಂದ ಇನ್ನೊಂದು ಬಗೆಯ ಮಾತ್ರೆ ತರಿಸಿ, ಎರಡನ್ನೂ ಒಟ್ಟಿಗೆ ನುಂಗುತ್ತಾಳೆ.

ಮಾತ್ರೆ ಕೆಲಸ ಮಾಡಲಿಲ್ಲ ಎಂದರೆ ನೋವು ಸುಳ್ಳು ಎಂದಲ್ಲ. ಆ ನೋವಿಗೆ ಆ ಮಾತ್ರೆ ಒಗ್ಗಲಿಲ್ಲ, ಅಷ್ಟೆ. ಬೇಳೆ ಬೇಯಲಿಲ್ಲವೆಂದು ಉಪ್ಪಿನ ಮೇಲೆ ಉಪ್ಪು ಹಾಕಿದರೆ ಬೆಂದೀತೇ?

ನೋವಿನಲ್ಲಿ ಬಗೆಗಳಿವೆ. ಮಂಡಿ ಊದಿದ ನೋವು, ಹಲ್ಲುನೋವು, ಉಳುಕು, ಮುಟ್ಟಿನ ಹೊಟ್ಟೆನೋವು ಇವಕ್ಕೆಲ್ಲ ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥ ಮಾತ್ರೆಗಳು ಸಾಮಾನ್ಯವಾಗಿ ಕೆಲಸ ಮಾಡುತ್ತವೆ. ಆದರೆ ನರಕ್ಕೇ ಪೆಟ್ಟಾಗಿ ಬರುವ ನೋವಿನ ದಾರಿ ಬೇರೆ. ಅದು ಉರಿಯುತ್ತದೆ, ಜುಮ್ಮೆನ್ನುತ್ತದೆ, ಕರೆಂಟು ಹೊಡೆದ ಹಾಗೆ ಚಳಕು ಹೊಡೆಯುತ್ತದೆ. ಸೀರೆಯ ಸೆರಗು ತಾಕಿದರೂ ಜೀವ ಹೋದಂತಾಗುತ್ತದೆ. ಸಕ್ಕರೆ ಕಾಯಿಲೆಯವರ ಪಾದದ ಉರಿ ಇಂಥದ್ದು. ಸರ್ಪಸುತ್ತು ವಾಸಿಯಾದ ಮೇಲೂ ಉಳಿಯುವ ನೋವು ಇಂಥದ್ದು. ಕೆನ್ನೆಯಲ್ಲಿ ಮಿಂಚಿನಂತೆ ಹೊಡೆಯುವ ಒಂದು ನೋವೂ ಇದೆ. ಅದನ್ನು ಹಲ್ಲುನೋವೆಂದು ತಿಳಿದು ಚೆನ್ನಾಗಿದ್ದ ಹಲ್ಲನ್ನೇ ಕೀಳಿಸಿಕೊಂಡವರಿದ್ದಾರೆ!

ಸರ್ಪಸುತ್ತಿನ ವಿಷಯವನ್ನೇ ನೋಡಿ. ಚಿಕ್ಕಂದಿನಲ್ಲಿ ಬಂದು ಹೋದ ಸೀತಾಳೆ ಸಿಡುಬಿನ ವೈರಸ್ ನರದ ಬುಡದಲ್ಲಿ ಅಡಗಿದ್ದು, ವಯಸ್ಸಾದ ಮೇಲೆ ಮತ್ತೆ ಏಳುತ್ತದೆ. ಮೈಯ ಒಂದೇ ಪಕ್ಕದಲ್ಲಿ ಗುಳ್ಳೆಗಳ ಸಾಲು ಬರುತ್ತದೆ. ಕೆಮ್ಮಣ್ಣು ಹಚ್ಚಿ, ಮಂತ್ರ ಹಾಕಿಸಿ, ವಾರ ಕಳೆದ ಮೇಲೆ ಡಾಕ್ಟರ ಹತ್ತಿರ ಹೋಗುವುದು ನಮ್ಮ ವಾಡಿಕೆ. ಆದರೆ ಅಸೈಕ್ಲೋವಿರ್‌ನಂಥ ಔಷಧವನ್ನು ಗುಳ್ಳೆ ಕಂಡ 72 ಗಂಟೆಯೊಳಗೆ ಶುರು ಮಾಡಿದರೆ ಹೆಚ್ಚು ಗುಣ. ಆಮೇಲೂ ನೋವು ತಿಂಗಳುಗಟ್ಟಲೆ ಉಳಿದರೆ ಅದಕ್ಕೆ ಬೇರೆ ಮಾತ್ರೆಗಳಿವೆ: ಅಮಿಟ್ರಿಪ್ಟಿಲಿನ್, ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್. ಕೆನ್ನೆಯ ನರದ ನೋವಿಗೆ ಕಾರ್ಬಮಜೆಪಿನ್.

ತೊಂದರೆ ಶುರುವಾಗುವುದು ಇಲ್ಲೇ. ಅಮಿಟ್ರಿಪ್ಟಿಲಿನ್ ಮೊದಲು ಬಂದದ್ದು ಮನಸ್ಸಿನ ಖಿನ್ನತೆಗೆ. ಗ್ಯಾಬಪೆಂಟಿನ್, ಕಾರ್ಬಮಜೆಪಿನ್ ಮೂರ್ಛೆರೋಗಕ್ಕೆ. ಅಂಗಡಿಯಲ್ಲೋ ಪಕ್ಕದ ಮನೆಯಲ್ಲೋ ಯಾರಾದರೂ "ಅಯ್ಯೋ, ಇದು ತಲೆಕೆಟ್ಟೋರಿಗೆ ಕೊಡೋ ಮಾತ್ರೆ ಕಣ್ರೀ" ಅಂದರೆ ಸಾಕು, ಆ ಹೆಂಗಸು ಮಾರನೆಯ ದಿನವೇ ಮಾತ್ರೆ ನಿಲ್ಲಿಸಿಬಿಡುತ್ತಾಳೆ. ಹಾಗೆ ಮಾಡಬೇಡಿ. ಡಾಕ್ಟರು ನಿಮಗೆ ಹುಚ್ಚು ಎಂದು ತಿಳಿದಿಲ್ಲ. ರೇಗಿದ ನರವನ್ನು ತಣ್ಣಗೆ ಮಾಡುವ ಗುಣ ಈ ಔಷಧಗಳಿಗಿದೆ, ಅದಕ್ಕೇ ಕೊಟ್ಟಿದ್ದಾರೆ.

ಇನ್ನೊಂದು ಸಂಗತಿ. ಇವು ನುಂಗಿದ ಗಂಟೆಯಲ್ಲಿ ನೋವು ಇಳಿಸುವುದಿಲ್ಲ. ಸಣ್ಣ ಪ್ರಮಾಣದಲ್ಲಿ ಶುರು ಮಾಡಿ ನಿಧಾನವಾಗಿ ಏರಿಸುತ್ತಾರೆ; ಗುಣ ತಿಳಿಯಲು ಎರಡು ಮೂರು ವಾರ ಬೇಕಾಗಬಹುದು. ಮೊದಮೊದಲು ಮಂಪರು, ಬಾಯಿ ಒಣಗುವುದು ಇರುತ್ತದೆ. ವಯಸ್ಸಾದವರು ರಾತ್ರಿ ಎದ್ದಾಗ ತಲೆ ತಿರುಗಿ ಬೀಳದಂತೆ ನೋಡಿಕೊಳ್ಳಿ. ಹೃದಯದ ಕಾಯಿಲೆಯೋ ಕಣ್ಣಿನ ಒತ್ತಡವೋ ಇದ್ದರೆ ಮುಂಚೆಯೇ ಹೇಳಿ. ಮೈಗೆ ಕೆಂಪು ದದ್ದು ಎದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ನೋವು ಹೋಯಿತೆಂದು ನೀವೇ ಥಟ್ಟನೆ ನಿಲ್ಲಿಸಬೇಡಿ.

ಮಾತ್ರೆ ನಾಟದಿರುವುದಕ್ಕೆ ಬೇರೆ ಕಾರಣಗಳೂ ಉಂಟು. ಕೋಡೀನ್, ಟ್ರಮಡಾಲ್ ಎಂಬ ಮಾತ್ರೆಗಳನ್ನು ನಮ್ಮ ಲಿವರ್ ಮಾರ್ಪಡಿಸಿಕೊಟ್ಟರೇನೇ ಅವು ಪೂರ್ತಿ ಕೆಲಸ ಮಾಡುವುದು; ಕೆಲವರ ಶರೀರದಲ್ಲಿ ಹುಟ್ಟಿನಿಂದಲೇ ಅದು ಸರಿಯಾಗಿ ನಡೆಯುವುದಿಲ್ಲ. ತಲೆನೋವಿಗೆ ತಿಂಗಳಲ್ಲಿ 15 ದಿನ, ಅದಕ್ಕೂ ಹೆಚ್ಚು ಮಾತ್ರೆ ನುಂಗುತ್ತಾ ಮೂರು ತಿಂಗಳು ಕಳೆದರೆ ಆ ಮಾತ್ರೆಯೇ ತಲೆನೋವು ತರಬಲ್ಲದು!

ಅಂಗಡಿಯಿಂದ ಎರಡನೆಯ ಮಾತ್ರೆ ತರಿಸುವ ಮುನ್ನ ಇದು ನೆನಪಿರಲಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಎರಡೂ ಒಂದೇ ಗುಂಪಿನವು. ಒಟ್ಟಿಗೆ ನುಂಗಿದರೆ ನೋವು ಇಮ್ಮಡಿ ಇಳಿಯದು. ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ, ಕಿಡ್ನಿಗೆ ಪೆಟ್ಟು ಆಗಬಹುದು. ಪ್ಯಾರಾಸಿಟಮಾಲ್ ಆರೋಗ್ಯವಂತ ದೊಡ್ಡವರಿಗೂ ದಿನಕ್ಕೆ 4 ಗ್ರಾಂ, ಅಂದರೆ 500 ಮಿ.ಗ್ರಾಂನ 8 ಮಾತ್ರೆ ಮೀರಬಾರದು. ಸಣಕಲು ಮೈಯವರಿಗೆ, ಲಿವರ್ ಕೆಟ್ಟವರಿಗೆ ಇನ್ನೂ ಕಡಿಮೆ. ಅನೇಕ ನೆಗಡಿ ಮಾತ್ರೆಗಳಲ್ಲೂ ಅದೇ ಇರುತ್ತದೆ, ಲೆಕ್ಕಕ್ಕೆ ಸೇರಿಸಿ.

ಹಾಗಾದರೆ ಏನು ಮಾಡಬೇಕು? ಹಾಲಿನ ಲೆಕ್ಕ ಬರೆಯುವ ಪುಸ್ತಕದಲ್ಲೇ ಒಂದು ಹಾಳೆ ತೆಗೆಯಿರಿ. ಒಂದು ವಾರ ಬರೆದಿಡಿ: ನೋವು ಎಲ್ಲಿ, ಯಾವಾಗ, ಉರಿಯೋ ಸೆಳೆತವೋ ಚಳಕೋ, ಹತ್ತಕ್ಕೆ ಎಷ್ಟು, ಮಾತ್ರೆ ಎಷ್ಟು ಗಂಟೆಗೆ ತೆಗೆದುಕೊಂಡಿರಿ, ಎಷ್ಟು ಹೊತ್ತು ಆರಾಮ, ಯಾವ ಕೆಲಸ ಮಾಡಲಾಗಲಿಲ್ಲ. ಈ ಹಾಳೆಯನ್ನೂ ಮಾತ್ರೆಯ ಹಾಳೆಗಳನ್ನೂ ಡಾಕ್ಟರ ಮುಂದಿಟ್ಟು, "ಇದರಿಂದ ಗುಣ ಕಾಣಲಿಲ್ಲ, ಇದು ನರದ ನೋವೇ?" ಎಂದು ಕೇಳಿ. ಕೇಳುವುದು ಉದ್ಧಟತನವಲ್ಲ. ಆದರೆ ಎದೆನೋವು, ಹಠಾತ್ತನೆ ಬಂದ ಭಾರಿ ತಲೆನೋವು, ಕಪ್ಪು ಮಲ, ಸೊಂಟನೋವಿನ ಜೊತೆ ಕಾಲು ಸೋಲುವುದು ಅಥವಾ ಮೂತ್ರ ಕಟ್ಟುವುದು ಕಂಡರೆ ಬರೆಯುತ್ತ ಕೂರಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.

ಕೊನೆಯದಾಗಿ ಕ್ಯಾನ್ಸರ್ ನೋವಿನ ಮಾತು. ಇದಕ್ಕೆ ಬಾಯಲ್ಲಿ ತೆಗೆದುಕೊಳ್ಳುವ ಮಾರ್ಫಿನ್ ಇದೆ. "ಚಟ ಹಿಡಿಯುತ್ತೆ", "ಅದು ಕೊಟ್ಟರೆ ಕೊನೆಗಾಲ ಬಂತು ಅಂತ" ಎಂದು ಹೆದರಿ ಎಷ್ಟೋ ಮನೆಗಳಲ್ಲಿ ಬೇಡವೆನ್ನುತ್ತಾರೆ. ತಿಳಿದ ಡಾಕ್ಟರು ನೋವಿಗೆ ತಕ್ಕಷ್ಟು ಅಳೆದು, ಹೊತ್ತಿಗೆ ಸರಿಯಾಗಿ ಕೊಟ್ಟರೆ ರೋಗಿ ಎದ್ದು ಕೂತು ಎರಡು ತುತ್ತು ಉಣ್ಣುವಂತಾಗುತ್ತದೆ. ಮಲಬದ್ಧತೆಗೆ ಮಾತ್ರ ಜೊತೆಯಲ್ಲೇ ಔಷಧ ಬೇಕು. 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಿಂದ ಮಾರ್ಫಿನ್ ಸಿಗುವುದೇ ಕಷ್ಟವಾಗಿತ್ತು. 2014ರ ತಿದ್ದುಪಡಿ, ಮಾನ್ಯತೆ ಪಡೆದ ಆಸ್ಪತ್ರೆಗಳು ಅದನ್ನು ತರಿಸಿಡುವುದನ್ನು ಸುಲಭ ಮಾಡಿತು. ನಿಮ್ಮೂರಲ್ಲಿ ಸಿಗದಿದ್ದರೆ ಕ್ಯಾನ್ಸರ್ ಆಸ್ಪತ್ರೆಯಲ್ಲಿ "ಉಪಶಮನ ಚಿಕಿತ್ಸೆ ವಿಭಾಗ ಎಲ್ಲಿ?" ಎಂದು ವಿಚಾರಿಸಿ. ಗುಣವಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳನ್ನು ಬೆಂಗಳೂರಿನ ಕರುಣಾಶ್ರಯ ಹಣ ಪಡೆಯದೆ ನೋಡಿಕೊಳ್ಳುತ್ತದೆ.

ಮನೆಯಲ್ಲಿ ಯಾರಾದರೂ "ಇನ್ನೂ ನೋಯ್ತಿದೆ" ಅಂದರೆ ಮೊದಲು ನಂಬಿ. ನೋಯುವವರು ನೀವೇ ಆದರೆ, ಅಡುಗೆ ಮುಗಿಯಲಿ, ಮಕ್ಕಳ ಪರೀಕ್ಷೆ ಕಳೆಯಲಿ ಎಂದು ಮುಂದೂಡದೆ ಈ ವಾರವೇ ಆ ಹಾಳೆ ಬರೆಯಲು ಕೂತುಕೊಳ್ಳಿ.