ಡಾಂಬರಿಗಿಂತ ಮೊದಲು ಚರಂಡಿ

ಜಿಲ್ಲಾ ಕೇಂದ್ರ, ತಾಲ್ಲೂಕು ಪಟ್ಟಣಗಳ ಕ್ಲಬ್ಬುಗಳಲ್ಲಿ ಒಂದು ವಿಚಿತ್ರ ಪದ್ಧತಿ ಬೆಳೆದು ಬಂದಿದೆ. ಐದಾರು ವರ್ಷ ಪಾರ್ಕಿಂಗ್ ಜಾಗದ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಗುಂಡಿಗಳು ಹಿಗ್ಗಿ, ಸದಸ್ಯರು ಪ್ಯಾಂಟು ಮಡಿಚಿಕೊಂಡು ಶಟಲ್ ಕೋರ್ಟಿಗೆ ಹೋಗುವ ಸ್ಥಿತಿ ಬರುತ್ತದೆ. ಜೊತೆಗೆ ಸಮಿತಿಯ ಚುನಾವಣೆಯೂ ಹತ್ತಿರವಾಗುತ್ತದೆ. ಆಗ ಇಡೀ ಅಂಗಳಕ್ಕೆ ಒಂದೇ ಸಲ ಟಾರು ಬೀಳುತ್ತದೆ. ಕರ್ರಗೆ ಹೊಳೆಯುವ ನೆಲದ ಮೇಲೆ ಬಿಳಿ ಗೆರೆ ಎಳೆಸಿ, ಅಧ್ಯಕ್ಷರು ಫೋಟೊ ತೆಗೆಸಿಕೊಳ್ಳುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಳೆಯ ಗುಂಡಿಗಳು ಹಳೆಯ ಜಾಗದಲ್ಲೇ ಬಾಯಿ ತೆರೆಯುತ್ತವೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ದುಡ್ಡು ಕಡಿಮೆ ಇರುವ ಕ್ಲಬ್ಬು ಅಂಗಳವನ್ನು ಚೆನ್ನಾಗಿ ಇಟ್ಟುಕೊಳ್ಳಲಾರದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ದುಡ್ಡಿದ್ದ ಕ್ಲಬ್ಬುಗಳೇ ಹೆಚ್ಚು ಹಾಳುಮಾಡಿಕೊಂಡಿರುವುದನ್ನು ನೋಡಿದ್ದೇನೆ. ನೀರು ಹರಿಯುವ ದಾರಿ ಮಾಡಿ, ಬಿರುಕುಗಳನ್ನು ವರ್ಷವರ್ಷವೂ ಮುಚ್ಚಿದರೆ, ಇಡೀ ಅಂಗಳಕ್ಕೆ ಟಾರು ಹಾಕಿಸುವ ದಿನ ಬಹಳ ದೂರ ಹೋಗುತ್ತದೆ. ಅದಕ್ಕೆ ಬೇಕಾಗಿರುವುದು ದೊಡ್ಡ ನಿಧಿ ಅಲ್ಲ, ಬಿಡದೆ ನೋಡಿಕೊಳ್ಳುವ ಅಭ್ಯಾಸ.

ಡಾಂಬರು ನೆಲ ಸಾಯುವ ಬಗೆ ಸರಳವಾದದ್ದು. ಬಿಸಿಲು ಮತ್ತು ಗಾಳಿಗೆ ಮೇಲಿನ ಡಾಂಬರು ವರ್ಷಗಳಲ್ಲಿ ಜಿಡ್ಡು ಕಳೆದುಕೊಂಡು ಗಡಸಾಗುತ್ತದೆ, ಬೂದು ಬಣ್ಣಕ್ಕೆ ತಿರುಗುತ್ತದೆ, ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಅಲ್ಲಿಂದ ಇಳಿದ ನೀರು ಕೆಳಗಿನ ಜಲ್ಲಿಯನ್ನು ಮುಟ್ಟಿ, ಅದರ ಕೆಳಗಿನ ಮಣ್ಣನ್ನು ಮೆತ್ತಗೆ ಮಾಡುತ್ತದೆ. ಕಾರಿನ ಚಕ್ರ ಹಾದಾಗಲೆಲ್ಲ ಆ ಕೆಸರು ಬಿರುಕಿನಿಂದ ಮೇಲಕ್ಕೆ ಚಿಮ್ಮುತ್ತದೆ, ಒಳಗೆ ಪೊಳ್ಳಾಗುತ್ತದೆ, ಮೇಲಿನ ಪದರ ಕುಸಿಯುತ್ತದೆ. ಗದಗ, ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣಿನಲ್ಲಿ ಈ ಕೆಲಸ ಇನ್ನೂ ಬೇಗ ನಡೆಯುತ್ತದೆ. ಎರೆ ನೆಲ ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ, ಮೇಲಿನ ಟಾರನ್ನೂ ಜೊತೆಗೇ ಸೀಳುತ್ತದೆ. ಎಲ್ಲಿಯ ಮಣ್ಣಾದರೂ ನಿಜವಾದ ಶತ್ರು ನೀರು.

ಪಾರ್ಕಿಂಗ್ ಜಾಗಕ್ಕೆ ರಸ್ತೆಗಿಲ್ಲದ ಕೆಲವು ಕಾಯಿಲೆಗಳೂ ಇವೆ. ನಿಂತ ಕಾರಿನ ಸ್ಟೀರಿಂಗನ್ನು ನಿಂತಲ್ಲೇ ತಿರುಗಿಸಿದಾಗ ಚಕ್ರ ನೆಲವನ್ನು ಉಜ್ಜಿ ಜಲ್ಲಿ ಕೀಳುತ್ತದೆ. ಎಂಜಿನ್ ಆಯಿಲ್, ಡೀಸೆಲ್ ಸೋರಿದಲ್ಲಿ ಡಾಂಬರು ಕರಗಿ ಮೆತ್ತಗಾಗುತ್ತದೆ. ಡಾಂಬರು ಕೂಡ ಪೆಟ್ರೋಲಿಯಂ ವಂಶದ್ದೇ ಅಲ್ಲವೇ? ಏಪ್ರಿಲ್ ಬಿಸಿಲಿಗೆ ಬೈಕಿನ ಸೈಡ್ ಸ್ಟ್ಯಾಂಡ್ ಟಾರಿನೊಳಗೆ ಇಳಿದು ರಂಧ್ರ ಮಾಡುತ್ತದೆ. ದ್ವಿಚಕ್ರ ವಾಹನಗಳ ಸಾಲಿಗೆ ಒಂದು ಕಾಂಕ್ರೀಟ್ ಪಟ್ಟಿ ಅಥವಾ ಚಪ್ಪಡಿ ಕಲ್ಲು ಹಾಸಿದರೆ ಈ ತೊಂದರೆ ಶಾಶ್ವತವಾಗಿ ತಪ್ಪುತ್ತದೆ.

ಇದೆಲ್ಲಕ್ಕಿಂತ ದೊಡ್ಡ ಹಾನಿ ಶಾಮಿಯಾನದವರಿಂದ. ರಾಜ್ಯೋತ್ಸವ, ಗಣೇಶೋತ್ಸವ, ಸದಸ್ಯರ ಮನೆಯ ಮದುವೆ ಎಂದು ವರ್ಷಕ್ಕೆ ಹಲವು ಸಲ ಅಂಗಳದಲ್ಲಿ ಚಪ್ಪರ ಏಳುತ್ತದೆ. ಹುಡುಗರು ಬಂದು ಮೊಳದುದ್ದದ ಕಬ್ಬಿಣದ ಗೂಟಗಳನ್ನು ಸುತ್ತಿಗೆಯಿಂದ ಟಾರಿಗೆ ಹೊಡೆಯುತ್ತಾರೆ. ಮರುದಿನ ಗೂಟ ಕಿತ್ತು ಲಾರಿಗೆ ಹಾಕಿಕೊಂಡು ಹೋಗುತ್ತಾರೆ, ತೂತು ಮಾತ್ರ ಉಳಿಯುತ್ತದೆ. ಒಂದೊಂದು ತೂತೂ ನೀರು ನೇರವಾಗಿ ಜಲ್ಲಿಗೆ ಇಳಿಯುವ ಕೊಳವೆ. ಗೂಟದ ಬದಲು ಮರಳು ಚೀಲ ಅಥವಾ ನೀರು ತುಂಬಿದ ಡ್ರಮ್ಮಿಗೆ ಹಗ್ಗ ಕಟ್ಟಿಸಬಹುದು. ಹಾಗೆ ಕೇಳಿದರೆ ಶಾಮಿಯಾನದವರೂ ಇಲ್ಲ ಎನ್ನುವುದಿಲ್ಲ. ನಾವು ಕೇಳುವುದಿಲ್ಲ, ಅಷ್ಟೆ.

ಇನ್ನು ನೀರಿನ ಟ್ಯಾಂಕರ್. ಅದರ ಭಾರ ಏನು ಮಾಡುತ್ತದೆ ಎಂಬುದಕ್ಕೆ ಒಂದು ಹಳೆಯ ಪರೀಕ್ಷೆಯೇ ಸಾಕ್ಷಿ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಿಜವಾದ ಲಾರಿಗಳನ್ನು ಸುತ್ತು ಹಾಕಿಸಿ ರಸ್ತೆಯ ಬಾಳಿಕೆ ಪರೀಕ್ಷಿಸಿದರು. ಆಕ್ಸಲ್ ಮೇಲಿನ ಭಾರ ಹೆಚ್ಚಿದಂತೆ ರಸ್ತೆಗಾಗುವ ಹಾನಿ ಹೆಚ್ಚುಕಡಿಮೆ ಅದರ ನಾಲ್ಕನೇ ಘಾತದಷ್ಟು ಏರುತ್ತದೆ ಎಂಬುದು ಅಲ್ಲಿ ಕಂಡ ಸತ್ಯ. ಭಾರ ಹತ್ತು ಪಟ್ಟಾದರೆ ಹಾನಿ ಸುಮಾರು ಹತ್ತು ಸಾವಿರ ಪಟ್ಟು. ಸಣ್ಣ ಕಾರಿನ ಒಂದು ಆಕ್ಸಲ್ ಅರ್ಧ ಟನ್ನಿನ ಆಸುಪಾಸು ಹೊರುತ್ತದೆ. ಆರು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ನೀರೊಂದೇ ಆರು ಟನ್, ಅದರ ಬಹುಪಾಲು ಹಿಂದಿನ ಚಕ್ರಗಳ ಮೇಲೆ. ಸದಸ್ಯರ ಕಾರುಗಳು ವರ್ಷಗಟ್ಟಲೆ ಓಡಾಡಿ ಮಾಡದ ಹಾನಿಯನ್ನು ಟ್ಯಾಂಕರೊಂದು ಕೆಲವೇ ದಿನಗಳಲ್ಲಿ ಮಾಡಿ ಹೋಗುತ್ತದೆ. ಸಂಪಿನ ಬಾಯಿಂದ ಗೇಟಿನ ಬಳಿಗೆ ಒಂದು ಪೈಪು ಎಳೆಸಿಬಿಟ್ಟರೆ ಟ್ಯಾಂಕರ್ ಒಳಗೆ ಬರುವ ಅಗತ್ಯವೇ ಇರುವುದಿಲ್ಲ. ಆ ಪೈಪಿನ ಖರ್ಚೆಷ್ಟು, ಟಾರಿನ ಖರ್ಚೆಷ್ಟು, ಲೆಕ್ಕ ಹಾಕಿ.

ಹಾಗಾದರೆ ಕೆಲಸ ಎಲ್ಲಿಂದ ಶುರು? ಒಂದು ಡಬ್ಬ ಬಿಳಿ ಬಣ್ಣದಿಂದ. ಜೋರು ಮಳೆ ನಿಂತು ಒಂದು ಗಂಟೆಯಾದ ಮೇಲೂ ಎಲ್ಲೆಲ್ಲಿ ನೀರು ನಿಂತಿದೆಯೋ ಅಲ್ಲೆಲ್ಲ ಕಾವಲುಗಾರನಿಂದ ಸುತ್ತ ಗುರುತು ಹಾಕಿಸಿ. ಮುಂದಿನ ಗುಂಡಿಗಳು ಬೀಳುವ ಜಾಗಗಳ ನಕ್ಷೆ ಅದು. ನೂರು ಅಡಿಗೆ ಎರಡಡಿಯಷ್ಟಾದರೂ ಇಳಿಜಾರು ಇದ್ದರೆ ನೀರು ತಾನಾಗಿ ಹರಿಯುತ್ತದೆ. ಹರಿದ ನೀರಿಗೆ ಚರಂಡಿ ಬೇಕು, ಚರಂಡಿಯ ಬಾಯಲ್ಲಿ ಮರದ ಎಲೆ, ಕಾಫಿ ಲೋಟ, ಗುಟ್ಕಾ ಪೊಟ್ಟಣ ಇರಬಾರದು. ಮೇ ತಿಂಗಳಲ್ಲಿ ಎರಡು ಆಳುಗಳಿಂದ ಚರಂಡಿ ತೆಗೆಸುವ ಕೂಲಿ, ಡಾಂಬರಿನ ಮೇಲೆ ಮಾಡುವ ಯಾವ ಖರ್ಚಿಗಿಂತಲೂ ಹೆಚ್ಚು ಫಲ ಕೊಡುತ್ತದೆ.

ಇಳಿಜಾರು ಸರಿಮಾಡದೆ ಪದರದ ಮೇಲೆ ಪದರ ಹಾಕುತ್ತಾ ಹೋದರೆ ಇನ್ನೊಂದು ಅನಾಹುತ. ನಮ್ಮ ಊರುಗಳಲ್ಲಿ ರಸ್ತೆ ಏರಿ ಏರಿ ಮನೆಗಳು ತಗ್ಗಿಗೆ ಬಿದ್ದಿರುವುದನ್ನು ಎಲ್ಲರೂ ಕಂಡಿದ್ದೇವೆ. ಕ್ಲಬ್ಬಿನಲ್ಲೂ ಅದೇ ನಡೆಯುತ್ತದೆ: ಚರಂಡಿಯ ಜಾಲರಿ ಟಾರಿನಡಿ ಹೂತುಹೋಗುತ್ತದೆ, ನೀರು ವರಾಂಡಕ್ಕೆ ನುಗ್ಗುತ್ತದೆ.

ನೀರಿನ ಕೆಲಸ ಮುಗಿದ ಮೇಲೆ ಬಿರುಕು. ಡಿಸೆಂಬರಿನಲ್ಲಿ ಬಿರುಕಿನ ಹುಲ್ಲು ಕಿತ್ತು, ಕಂಪ್ರೆಸರಿನಿಂದ ಧೂಳು ಊದಿಸಿ, ಬಿಟುಮಿನ್ ಎಮಲ್ಷನ್, ಅಂದರೆ ನೀರಿನಲ್ಲಿ ಬೆರೆಸಿದ ಡಾಂಬರು, ಸುರಿಯಬೇಕು. ಸುರಿಯುವಾಗ ಅದು ಕಂದು ಬಣ್ಣಕ್ಕಿರುತ್ತದೆ. ನೀರಿನಂಶ ಬಿಟ್ಟು ಪೂರ್ತಿ ಕಪ್ಪಾದ ಮೇಲೆ ಜಲ್ಲಿಪುಡಿ ಉದುರಿಸಿ, ಆಮೇಲೆ ಗಾಡಿ ಬಿಡಬೇಕು. ಅಗಲವಾದ ಬಿರುಕಿಗೆ ಬರೀ ಎಮಲ್ಷನ್ ಸಾಲದು, ಜಲ್ಲಿಪುಡಿ ಬೆರೆಸಿದ ಬಿಸಿ ಡಾಂಬರು ತುಂಬಬೇಕು. ಮೊಸಳೆಯ ಬೆನ್ನಿನಂತೆ ಬಿರುಕುಗಳು ಬಲೆ ಹೆಣೆದಿದ್ದರೆ ಮಾತ್ರ ಕೆಳಗಿನ ಬುನಾದಿಯೇ ಸೋತಿದೆ ಎಂದು ತಿಳಿಯಿರಿ. ಅಲ್ಲಿ ಮೇಲೆ ಏನು ಬಳಿದರೂ ವ್ಯರ್ಥ, ಅಗೆಯಲೇಬೇಕು.

ಗುಂಡಿ ಮುಚ್ಚುವ ನಮ್ಮ ಸಾಮಾನ್ಯ ವಿಧಾನ ಎಲ್ಲರಿಗೂ ಗೊತ್ತು: ನೀರಿರುವ ಗುಂಡಿಗೇ ಜಲ್ಲಿ ಸುರಿದು, ಡಬ್ಬದಿಂದ ಟಾರು ಹೊಯ್ದು, ಸಲಿಕೆಯ ಬೆನ್ನಿನಲ್ಲಿ ಎರಡು ಏಟು. ಅದು ತಿಂಗಳೂ ಬಾಳುವುದಿಲ್ಲ. ಗುಂಡಿಯ ಸುತ್ತ ಗಟ್ಟಿ ಟಾರು ಸಿಗುವವರೆಗೆ ಚೌಕವಾಗಿ ಕತ್ತರಿಸಿ, ಕೆಸರೆಲ್ಲ ತೆಗೆದು, ತಳಕ್ಕೂ ಅಂಚಿಗೂ ಎಮಲ್ಷನ್ ಹಚ್ಚಿ, ಎರಡು ಮೂರು ಅಂಗುಲದ ಪದರಗಳಾಗಿ ಮಿಶ್ರಣ ತುಂಬಿ, ಬಾಡಿಗೆ ಕಂಪ್ಯಾಕ್ಟರಿನಿಂದ ಪ್ರತಿ ಪದರವನ್ನೂ ಬಡಿಯಬೇಕು. ಸಣ್ಣ ಕೆಲಸಕ್ಕೆ ಚೀಲದಲ್ಲಿ ಬರುವ ಕೋಲ್ಡ್ ಮಿಕ್ಸ್ ಸಾಕು, ಆದರೆ ಅದನ್ನೂ ಬಡಿಯದೆ ಬಿಡಬಾರದು. ಬುನಾದಿ ಗಟ್ಟಿಯಾಗಿದ್ದು ಮೇಲ್ಮೈ ಮಾತ್ರ ಒಣಗಿ ಒರಟಾಗಿದ್ದರೆ, ಎಮಲ್ಷನ್ ಮತ್ತು ಜಲ್ಲಿಪುಡಿಯ ತೆಳು ಲೇಪ, ಅಂದರೆ ಸ್ಲರಿ ಸೀಲ್, ಸಾಕು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ?

ಕೆಲವೊಮ್ಮೆ ಹೊಸ ಪದರ ಅನಿವಾರ್ಯ. ಆಗಲೂ ಇಡೀ ಅಂಗಳ ಬೇಕಿಲ್ಲ. ಹೆಚ್ಚು ಸವೆಯುವುದು ಗೇಟಿನ ಬಾಯಿ ಮತ್ತು ಗಾಡಿ ಓಡಾಡುವ ಪಟ್ಟಿ. ಕಾರು ನಿಲ್ಲುವ ಅಂಚುಗಳಲ್ಲಿ ಬಿರುಕು ಮುಚ್ಚಿದರೆ ಸಾಕು, ಮರದ ಬುಡದಲ್ಲಿ ಬರೀ ಜಲ್ಲಿ ಹರಡಿದರೂ ನಡೆಯುತ್ತದೆ, ಬೇರಿಗೂ ನೀರು ಸಿಗುತ್ತದೆ.

ಲೆಕ್ಕ ಮಾತ್ರ ಕೈಯಲ್ಲಿರಲಿ. ಒಂದು ಸಾವಿರ ಚದರ ಮೀಟರ್, ಅಂದರೆ ಸುಮಾರು ಹತ್ತು ಗುಂಟೆ ಜಾಗಕ್ಕೆ 25 ಮಿಲಿಮೀಟರ್ ದಪ್ಪದ ಪದರ ಹಾಕಲು ಹತ್ತಿರ ಹತ್ತಿರ 58 ಟನ್ ಹಾಟ್ ಮಿಕ್ಸ್ (ಜಲ್ಲಿ ಬೆರೆತ ಬಿಸಿ ಡಾಂಬರು) ಬೇಕು. 12 ಟನ್ನಿನ ಟಿಪ್ಪರ್ ಆದರೆ ಐದು ಲೋಡು. ನಾಲ್ಕೇ ಲೋಡು ಬಂದಿದ್ದರೆ ನಿಮಗೆ ಸಿಕ್ಕಿರುವುದು 21 ಮಿಲಿಮೀಟರ್, ಬಿಲ್ಲು ಮಾತ್ರ 25ಕ್ಕೆ. ಆದ್ದರಿಂದ ಪ್ರತಿ ಟಿಪ್ಪರಿನ ವೇಬ್ರಿಡ್ಜ್ ಚೀಟಿ ಇಸಿದುಕೊಳ್ಳಿ. ಕರಾರಿನಲ್ಲಿ 'ರೋಲರ್ ಓಡಿಸಿದ ಮೇಲಿನ ದಪ್ಪ' ಎಂದು ಬರೆಸಿ, ಹರಡಿದಾಗಿನ ದಪ್ಪ ಲೆಕ್ಕಕ್ಕಿಲ್ಲ. ಹಳೆಯ ನೆಲವನ್ನು ಗುಡಿಸಿ, ಚದರ ಮೀಟರಿಗೆ 200ರಿಂದ 300 ಗ್ರಾಂ ಎಮಲ್ಷನ್ ಸಿಂಪಡಿಸದೆ ಹೊಸ ಪದರ ಹಾಕಲು ಬಿಡಬೇಡಿ, ಅಂಟು ಇಲ್ಲದ ಪದರ ಹಪ್ಪಳದಂತೆ ಏಳುತ್ತದೆ. ಪ್ಲಾಂಟಿನಲ್ಲಿ 150 ಡಿಗ್ರಿ ಸೆಲ್ಸಿಯಸ್ ದಾಟಿ ಹೊರಟ ಮಾಲು ಹರಡುವಾಗ 140ರ ಆಸುಪಾಸಿನಲ್ಲಿರಬೇಕು, 90ಕ್ಕೆ ಇಳಿಯುವುದರೊಳಗೆ ರೋಲರ್ ಕೆಲಸ ಮುಗಿಯಬೇಕು. ತಣ್ಣಗಾದ ಮಾಲು ಎಷ್ಟು ಉರುಳಿಸಿದರೂ ಕೂರುವುದಿಲ್ಲ.

ಕಾಲವೂ ಮುಖ್ಯ. ಮಾರ್ಚಿನಲ್ಲಿ ಸರ್ಕಾರಿ ಬಿಲ್ಲು ಮುಗಿಸುವ ಧಾವಂತದಲ್ಲಿ ಪ್ಲಾಂಟುಗಳಿಗೆ ಬಿಡುವಿರುವುದಿಲ್ಲ, ಸಣ್ಣ ಕೆಲಸಕ್ಕೆ ದರವೂ ಜಾಸ್ತಿ, ಗಮನವೂ ಕಡಿಮೆ. ಹಿಂಗಾರು ಮುಗಿದ ಡಿಸೆಂಬರ್, ಜನವರಿಯಲ್ಲಿ ಕೆಲಸ ಹಿಡಿಯುವುದು ಲೇಸು. ಪಕ್ಕದ ಬ್ಯಾಂಕ್, ಕಲ್ಯಾಣ ಮಂಟಪ, ಶಾಲೆಯವರ ಜೊತೆ ಸೇರಿ ಒಂದೇ ಸಲ ಮಾಡಿಸಿದರೆ ರೋಲರ್, ಪೇವರ್ ತರಿಸುವ ಖರ್ಚು ಹಂಚಿಹೋಗುತ್ತದೆ.

ಅಗ್ಗದ ಇನ್ನೊಂದು ದಾರಿಯೂ ಇದೆ, ಅದನ್ನು ಹೇಳಲೇಬೇಕು. ಹತ್ತಿರದಲ್ಲಿ ಸರ್ಕಾರಿ ರಸ್ತೆ ಕೆಲಸ ನಡೆಯುವಾಗ ಸಂಜೆ ಹೊತ್ತಿಗೆ ಮೇಸ್ತ್ರಿಯೊಬ್ಬ ಗೇಟಿಗೆ ಬರುತ್ತಾನೆ: 'ಎರಡು ಲೋಡು ಉಳಿದೈತೆ ಸಾರ್, ಅರ್ಧ ರೇಟಿಗೆ ಸುರಿದು ಹೋಗ್ತೀವಿ.' ಅದು ಉಳಿದದ್ದಲ್ಲ, ಉಳಿಸಿದ್ದು. ನಾವೇ ತೆರಿಗೆ ಕಟ್ಟಿದ ರಸ್ತೆಯಿಂದ ಕದ್ದ ಮಾಲು, ಬರುವಷ್ಟರಲ್ಲಿ ಆರಿಯೂ ಹೋಗಿರುತ್ತದೆ. ಅದನ್ನು ಕೊಂಡ ಕ್ಲಬ್ಬಿಗೆ ಊರಿನ ರಸ್ತೆಗುಂಡಿಯ ಬಗ್ಗೆ ಮನವಿ ಪತ್ರ ಬರೆಯುವ ನೈತಿಕ ಹಕ್ಕು ಇರುವುದಿಲ್ಲ.

ಉಳಿದದ್ದು ಆಡಳಿತದ ಮಾತು. ನಮ್ಮ ಬಹುತೇಕ ಕ್ಲಬ್ಬುಗಳು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾದವು, ಮಹಾಸಭೆಯ ಒಪ್ಪಿಗೆಯಿಂದ ನಡೆಯುವಂಥವು. ಅಂಗಳಕ್ಕೆಂದೇ ಪ್ರತ್ಯೇಕ ನಿಧಿ ಇಟ್ಟು, ಪ್ರತಿ ಮದುವೆ ಬಾಡಿಗೆಯಿಂದ ಒಂದು ಪಾಲು ಅದಕ್ಕೆ ಹೋಗಲಿ. ಗೂಟ ಹೊಡೆದರೆ ಠೇವಣಿ ಮುಟ್ಟುಗೋಲು ಎಂದು ಬಾಡಿಗೆ ಕರಾರಿನಲ್ಲೇ ಬರೆಯಿರಿ. ಗುತ್ತಿಗೆದಾರರ ಬಿಲ್ಲಿನಲ್ಲಿ ಹತ್ತರಲ್ಲೊಂದು ಭಾಗವನ್ನು ಒಂದು ಮಳೆಗಾಲ ಕಳೆಯುವವರೆಗೆ ತಡೆಹಿಡಿಯಿರಿ. ಒಳ್ಳೆಯ ಕೆಲಸಗಾರ ಇದಕ್ಕೆ ಬೇಸರಿಸುವುದಿಲ್ಲ.

ಹಳೆಯ ಸಮಿತಿ ಹಾಕಿಸಿದ ಟಾರು, ಹೊಸ ಸಮಿತಿ ಹಾಕಿಸುವ ಟಾರು ಎಂಬ ಜಗಳದಿಂದ ಅಂಗಳ ಉಳಿಯುವುದಿಲ್ಲ. ಯಾವ ಸಮಿತಿ ಇದ್ದರೂ ಮೇ ತಿಂಗಳಲ್ಲಿ ಚರಂಡಿ ತೆಗೆಸಿ, ಜೂನಿನಲ್ಲಿ ನೀರು ನಿಂತ ಜಾಗ ಗುರುತಿಸಿ, ಡಿಸೆಂಬರಿನಲ್ಲಿ ಬಿರುಕು ಮುಚ್ಚುವುದನ್ನು ರೂಢಿ ಮಾಡಿಕೊಳ್ಳಿ. ಇಷ್ಟನ್ನು ಮೂರು ವರ್ಷ ಬಿಡದೆ ಮಾಡಿದ ಮೇಲೂ ಇಡೀ ಅಂಗಳಕ್ಕೆ ಟಾರು ಬೇಕೆನಿಸಿದರೆ ಧಾರಾಳವಾಗಿ ಹಾಕಿಸಿ. ಅದಕ್ಕೆ ಮುಂಚೆ ಯಾರಾದರೂ ಕೊಟೇಷನ್ ತಂದರೆ, ಸದಸ್ಯರೇ, ಸಹಿ ಹಾಕಬೇಡಿ.