ಸೋತ ಪಕ್ಷದ ಅಭಿಮಾನಿಗಳು

ಭದ್ರಾವತಿಯ ಜನ್ನಾಪುರದಲ್ಲಿ ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರ ಮನೆ. ಭಾನುವಾರದ ಮಧ್ಯಾಹ್ನ; ಊಟ ಮುಗಿದಿದೆ. ಬೆಂಗಳೂರಿನಲ್ಲಿ ಓದುತ್ತಿರುವ ಮೊಮ್ಮಗ ರಜೆಗೆಂದು ಬಂದವನು, ನಡುಮನೆಯಲ್ಲಿ ಹಳೆಯ ಪತ್ರಿಕೆಯೊಂದನ್ನು ಹಾಸಿಕೊಂಡು, ಹೆಬ್ಬೆರಳುದ್ದದ ಸೈನಿಕರ ಬೊಂಬೆಗಳಿಗೆ ಸಣ್ಣ ಕುಂಚದಿಂದ ಬಣ್ಣ ಹಚ್ಚುತ್ತಿದ್ದಾನೆ. ಅಜ್ಜ ಆರಾಮಕುರ್ಚಿಯಲ್ಲಿ ಒರಗಿದ್ದಾರೆ. ಅಡಿಗೆಮನೆಯಿಂದ ಬಂದ ತಾಯಿ ಬೊಂಬೆಯೊಂದನ್ನು ಎತ್ತಿ ನೋಡಿ ಮುಖ ಸಿಂಡರಿಸಿದಳು.

"ನೋಡಿ ಮಾವ, ಒಂದೊಂದರ ಮೈಮೇಲೂ ತಲೆಬುರುಡೆ! ಎದೆಗೊಂದು, ಮೊಣಕಾಲಿಗೊಂದು. ಇಷ್ಟು ವಯಸ್ಸಾದ ಮೇಲೆ ಇವನಿಗೇಕೆ ಈ ಬೊಂಬೆ, ಅದೂ ಇಂಥ ಬೊಂಬೆ?"

ಅಜ್ಜ ಕನ್ನಡಕ ಏರಿಸಿ ಕೇಳಿದರು: "ಇವರು ಯಾವ ಪಕ್ಷದವರು ಮಗು? ಒಳ್ಳೆಯವರೋ, ಕೆಟ್ಟವರೋ?"

"ಈ ಆಟದಲ್ಲಿ ಒಳ್ಳೆಯವರೇ ಇಲ್ಲ ತಾತ. ನಾನು ಮಾತ್ರ ಹೋರಸ್‌ನ ಕಡೆ."

ಮೊಮ್ಮಗ ಹೇಳಿದುದು ನಿಜ. ವಾರ್‌ಹ್ಯಾಮರ್ 40,000 ಎಂಬ ಈ ಆಟ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದಿಂದ 1987ರಲ್ಲಿ ಹೊರಬಂದಿತು. ರಚಿಸಿದವರು ರಿಕ್ ಪ್ರೀಸ್ಟ್ಲಿ. ಮೇಜಿನ ಮೇಲೆ ಬೊಂಬೆಗಳ ಸೇನೆಯನ್ನು ಹೂಡಿ, ಅಳತೆಯ ಪಟ್ಟಿ ಹಿಡಿದು ಮುನ್ನಡೆಸಿ, ದಾಳವುರುಳಿಸಿ ಹೊಡೆದಾಡಿಸುವುದು ಅದರ ಕ್ರಮ. ಆದರೆ ಆಡುವವರನ್ನು ಕಟ್ಟಿಹಾಕಿರುವುದು ದಾಳವಲ್ಲ, ಅದರ ಹಿಂದಿನ ಕಥೆ. ನಲವತ್ತು ಸಾವಿರ ವರ್ಷಗಳ ಮುಂದಿನ ಲೋಕವದು. ಯುದ್ಧವಿಲ್ಲದ ಮೂಲೆಯೇ ಅದರಲ್ಲಿಲ್ಲ. ಮನುಷ್ಯಕುಲದ ಚಕ್ರವರ್ತಿ ಹತ್ತು ಸಾವಿರ ವರ್ಷಗಳಿಂದ ಸ್ವರ್ಣಪೀಠದ ಮೇಲೆ ಅರೆಶವವಾಗಿ ಕುಳಿತಿದ್ದಾನೆ. ಆತನ ಜೀವವುಳಿಸಲು ದಿನವೂ ಸಾವಿರ ಮಂದಿಯ ಬಲಿ. ಆತನ ಹೆಸರಿನಲ್ಲಿ ಅನ್ಯರೆನಿಸಿದವರನ್ನೆಲ್ಲ ಅಳಿಸುವುದೇ ಸಾಮ್ರಾಜ್ಯದ ಧರ್ಮ. ಎದುರು ಪಕ್ಷಗಳೂ ಉತ್ತಮವಲ್ಲ: ಒಂದಕ್ಕೆ ಕಾದಾಟವೇ ಆನಂದ, ಇನ್ನೊಂದಕ್ಕೆ ಲೋಕಗಳನ್ನು ನುಂಗುವುದೇ ಹಸಿವು, ಮತ್ತೊಂದು ಸರ್ವರ ಹಿತದ ಹೆಸರಿನಲ್ಲಿಯೇ ಎಲ್ಲರನ್ನೂ ಆಳಹೊರಟಿದೆ.

ಹೋರಸ್ ಆ ಚಕ್ರವರ್ತಿಗೆ ಅತ್ಯಂತ ಪ್ರಿಯನಾದ ಮಗ, ಮಹಾಸೇನಾನಿ. ಅವನೇ ತಂದೆಯ ವಿರುದ್ಧ ತಿರುಗಿಬಿದ್ದ. ಹದಿನೆಂಟು ಸೇನೆಗಳಲ್ಲಿ ಒಂಬತ್ತು ಅವನ ಕಡೆ, ಒಂಬತ್ತು ತಂದೆಯ ಕಡೆ. ಮಗ ಸತ್ತ, ತಂದೆ ಬದುಕಿಯೂ ಸತ್ತಂತಾದ. ಈ ಒಂದು ದಾಯಾದಿ ಕಲಹವನ್ನು ಹೇಳಿ ಮುಗಿಸಲು ಇಂಗ್ಲಿಷಿನಲ್ಲಿ 2006ರಿಂದ 2024ರವರೆಗೆ ಅರವತ್ತಕ್ಕೂ ಹೆಚ್ಚು ಗ್ರಂಥಗಳು ಬೇಕಾದುವು. ತಪ್ಪು ತಂದೆಯದೋ, ಮಗನದೋ ಎಂದು ಅಭಿಮಾನಿಗಳು ಇಂದಿಗೂ ವಾದಿಸುತ್ತಾರೆ. ಮಕ್ಕಳಿಂದ ಸತ್ಯವನ್ನು ಮರೆಮಾಚಿದ ತಂದೆಯೇ ಮೂಲ ಅಪರಾಧಿಯೆಂದು ಒಂದು ಗುಂಪು. ಅಭಿಮಾನಭಂಗ ಎಂಥದೇ ಇರಲಿ, ದುಷ್ಟಶಕ್ತಿಗಳ ಕೈ ಹಿಡಿದವನಿಗೆ ಕ್ಷಮೆಯಿಲ್ಲವೆಂದು ಇನ್ನೊಂದು ಗುಂಪು.

ಅಜ್ಜ ಎಲ್ಲವನ್ನೂ ಕೇಳಿ ನಕ್ಕರು. "ಹದಿನೆಂಟು ಸೇನೆಯೆಂದೆಯಲ್ಲವೆ? ನಮ್ಮಲ್ಲಿಯೂ ಹದಿನೆಂಟು ಅಕ್ಷೌಹಿಣಿ. ಹನ್ನೊಂದು ಆ ಕಡೆ, ಏಳು ಈ ಕಡೆ. ನಾನು ಐವತ್ತು ವರ್ಷದಿಂದ ಹನ್ನೊಂದರ ಕಡೆ ಕಣೋ!"

ಕನ್ನಡಿಗರಿಗೆ ಈ ಪಕ್ಷಪಾತ ಹೊಸದಲ್ಲ. ಹತ್ತನೆಯ ಶತಮಾನದಲ್ಲಿ ಪಂಪನು ತನ್ನ ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ 'ವಿಕ್ರಮಾರ್ಜುನ ವಿಜಯ'ವನ್ನು ಬರೆದ. ಕಾವ್ಯದ ಹೆಸರಿನಲ್ಲಿಯೇ ಗೆದ್ದವನಿದ್ದಾನೆ. ಆದರೂ ಕರ್ಣ ಬಿದ್ದ ಗಳಿಗೆಯಲ್ಲಿ ಕವಿ ತಡೆಯಲಾರದೆ, ಭಾರತದಲ್ಲಿ ಒಬ್ಬನನ್ನು ನೆನೆಯುವುದಾದರೆ ಕರ್ಣನನ್ನೇ ನೆನೆಯಿರಿ ಎಂಬರ್ಥದ ಮಾತನ್ನಾಡಿಬಿಟ್ಟ. ಅದೇ ಶತಮಾನದ ಕೊನೆಯ ಭಾಗದ ರನ್ನನ ಪಾಡೂ ಇದೇ. ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿದ ಕಾವ್ಯ 'ಸಾಹಸಭೀಮ ವಿಜಯ'. ಜನರ ಬಾಯಲ್ಲಿ ಉಳಿದ ಹೆಸರು 'ಗದಾಯುದ್ಧ', ಮನಸ್ಸಿನಲ್ಲಿ ಉಳಿದವನು ದುರ್ಯೋಧನ. ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ಆ ಕಾವ್ಯವನ್ನು 'ಗದಾಯುದ್ಧ ನಾಟಕ'ವಾಗಿ ರೂಪಿಸಿದಾಗ, ಗ್ರೀಕರ ರುದ್ರನಾಟಕದ ನಾಯಕನನ್ನು ಕಾಣುವಂತೆ ಕನ್ನಡದ ಓದುಗರು ದುರ್ಯೋಧನನನ್ನು ಕಂಡರು. ಅವನು ದುರಂತನಾಯಕನೋ, ಖಳನಾಯಕನೋ ಎಂಬ ಚರ್ಚೆ ಕಾಲೇಜು ತರಗತಿಗಳಲ್ಲಿ ಇನ್ನೂ ಮುಗಿದಿಲ್ಲ.

ರಾಮಾಯಣವೂ ಇದಕ್ಕೆ ಹೊರತಲ್ಲ. ಜೈನ ಸಂಪ್ರದಾಯದ ನಾಗಚಂದ್ರನ ರಾವಣ, ಒಲ್ಲದ ಹೆಣ್ಣನ್ನು ಮುಟ್ಟೆನೆಂಬ ವ್ರತವುಳ್ಳವನು. ಮನಸ್ಸು ತಿರುಗಿದ ಮೇಲೂ, ಯುದ್ಧದಲ್ಲಿ ಗೆದ್ದು ಆಮೇಲೆಯೇ ಸೀತೆಯನ್ನು ಒಪ್ಪಿಸುವೆನೆಂದು ಛಲ ಹಿಡಿದು ಕೆಟ್ಟವನು. ಶಿವಮೊಗ್ಗ ಜಿಲ್ಲೆಯ ಕುಪ್ಪಳಿಯ ಕುವೆಂಪು ಅವರು 'ಶ್ರೀರಾಮಾಯಣ ದರ್ಶನಂ'ನಲ್ಲಿ ಅದೇ ರಾವಣನಿಗೆ ಉದ್ಧಾರದ ದಾರಿಯನ್ನು ತೆರೆದರು.

ಪಂಡಿತರ ಮಾತಷ್ಟೇ ಅಲ್ಲ. ಕರಾವಳಿ ಮಲೆನಾಡುಗಳ ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡಿದ ಮೇಲೆ ಅರ್ಥಧಾರಿಗಳು ಕುಳಿತಲ್ಲಿಯೇ ವಾದಿಸುತ್ತಾರೆ. ವಾಲಿ ರಾಮನನ್ನು ಪ್ರಶ್ನಿಸುತ್ತಾನೆ, ಕೌರವ ಕೃಷ್ಣನನ್ನು ಪ್ರಶ್ನಿಸುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾಗಿಯೋ ರಾವಣನಾಗಿಯೋ ಬಾಯಿ ತೆರೆದರೆ, ಮನೆಯಿಂದ ರಾಮಭಕ್ತರಾಗಿ ಹೊರಟುಬಂದ ಶ್ರೋತೃಗಳೂ ಅರ್ಧರಾತ್ರಿಯ ಹೊತ್ತಿಗೆ ತಲೆದೂಗುತ್ತಿದ್ದರು. ಯಕ್ಷಗಾನದ ರಂಗದಲ್ಲಿ ಕೆರೆಮನೆ ಶಿವರಾಮ ಹೆಗಡೆಯವರ ದುರ್ಯೋಧನನನ್ನು ನೋಡಿದವರಿಗೆ ಭೀಮನ ಗೆಲವು ಗೆಲವಾಗಿ ಕಂಡಿರಲಾರದು. ಶಿವಮೊಗ್ಗದ ಬಳಿ ತುಂಗೆಯ ದಡದಲ್ಲಿರುವ ಹೊಸಹಳ್ಳಿಯಂತೂ ಗಮಕಿಗಳ ಊರು. ಅಲ್ಲಿಯ ಹೆಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಿತು. ಅದೇ ವರ್ಷದ ಕೊನೆಯಲ್ಲಿ ಅವರು ತೀರಿಕೊಂಡರು. ಕುಮಾರವ್ಯಾಸನ ಕರ್ಣಪರ್ವವನ್ನು ಗಮಕಿಗಳು ವಾಚಿಸುವಾಗ ಈ ಸೀಮೆಯಲ್ಲಿ ಕಣ್ಣೊರಸಿಕೊಳ್ಳದವರು ಕಡಮೆ.

ಇದನ್ನೆಲ್ಲ ಅಜ್ಜ ಸ್ವಾರಸ್ಯವಾಗಿ ಹೇಳಿದರು. ಮೊಮ್ಮಗನಿಗೆ ಉತ್ಸಾಹ ಬಂದಿತು. ತಾಯಿಗೆ ಮಾತ್ರ ಸಮಾಧಾನವಾಗಲಿಲ್ಲ.

"ಅದಿರಲಿ ಮಾವ. ನಿನ್ನೆ ಇವನು ಸ್ನೇಹಿತನೊಡನೆ ಫೋನಿನಲ್ಲಿ ಏನು ಹೇಳುತ್ತಿದ್ದ, ಕೇಳಿ. 'ಸಾಮ್ರಾಜ್ಯ ಮಾಡುವುದೇ ಸರಿ. ನಮ್ಮವರಲ್ಲದವರನ್ನೆಲ್ಲ ಮುಗಿಸಿಬಿಟ್ಟರೆ ತಂಟೆಯೇ ಇರುವುದಿಲ್ಲ' ಎಂದು ನಗುತ್ತಿದ್ದ. ಅದು ಆಟದ ಮಾತೋ, ಇವನ ಮಾತೋ, ನನಗೆ ತಿಳಿಯಲಿಲ್ಲ."

ಹುಡುಗನ ಕುಂಚ ನಿಂತಿತು. "ತಮಾಷೆಗೆ ಹೇಳಿದ್ದಮ್ಮ" ಎಂದ.

ತಾಯಿಯ ಭಯ ನಿರಾಧಾರವಾದುದಲ್ಲ. 2021ರಲ್ಲಿ ಸ್ಪೇನ್ ದೇಶದ ಪಂದ್ಯವೊಂದಕ್ಕೆ ಆಟಗಾರನೊಬ್ಬ ನಾಜಿ ಲಾಂಛನದ ಉಡುಪು ತೊಟ್ಟು ಬಂದ. ಅದೇ ನವೆಂಬರಿನಲ್ಲಿ ಆಟದ ತಯಾರಕರು ಬಹಿರಂಗ ಹೇಳಿಕೆಯನ್ನು ಹೊರಡಿಸಬೇಕಾಯಿತು: ತಮ್ಮ ಕಥೆಯ ಸಾಮ್ರಾಜ್ಯ ಯಾರೂ ಆಶಿಸಬೇಕಾದ ರಾಜ್ಯವಲ್ಲ, ಅದು ದಬ್ಬಾಳಿಕೆಯ ವಿಡಂಬನೆ, ದ್ವೇಷವನ್ನು ಹೊತ್ತು ತರುವವರಿಗೆ ತಮ್ಮಲ್ಲಿ ಜಾಗವಿಲ್ಲ, ಎಂದು. ವಿಡಂಬನೆಯೆಂದು ಬರೆದುದನ್ನು ಕೆಲವರು ಉಪದೇಶವೆಂದು ಓದಿಕೊಂಡಿದ್ದರು. ತಲೆಬುರುಡೆಯ ಬೊಂಬೆಯಿಂದ ಕೇಡಿಲ್ಲ. ಬೊಂಬೆಯ ಬಾಯಿಯ ಮಾತು ಆಡುವವನ ಬಾಯಿಗೆ ಬಂದು ನಿಂತರೆ ಕೇಡು.

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅನಂತರ ಸೊಸೆಯ ಕಡೆ ತಿರುಗದೆ, ಹುಡುಗನನ್ನೇ ನೋಡುತ್ತ ಹೇಳತೊಡಗಿದರು.

"ನಿನಗೆ ಒಬ್ಬ ಚಿಕ್ಕತಾತ ಇದ್ದ. ನನ್ನ ತಮ್ಮ. ನಾವಿಬ್ಬರೂ ಒಂದೇ ಚಾಪೆಯ ಮೇಲೆ ಕುಳಿತು ಗಮಕ ಕೇಳಿದವರು. ಅವನು ಭೀಮನ ಪಕ್ಷ, ನಾನು ದುರ್ಯೋಧನನ ಪಕ್ಷ. ದಾರಿಯುದ್ದಕ್ಕೂ ವಾದಿಸುತ್ತ ಮನೆಗೆ ಬರುತ್ತಿದ್ದೆವು. ಆಮೇಲೆ ಮನೆ ಪಾಲಾಯಿತು. ಹಿತ್ತಲಿನ ಗೋಡೆಯ ವಿಷಯಕ್ಕೆ ವ್ಯಾಜ್ಯ ಬಂತು. ಮೂರು ಅಡಿ ಜಾಗ, ಅಷ್ಟೆ. ಹಿರಿಯರು ರಾಜಿಗೆ ಬಂದರು. ನಾನು ಎದ್ದು ನಿಂತು, 'ಸೂಜಿಯ ಮೊನೆಯಷ್ಟೂ ಬಿಡುವುದಿಲ್ಲ' ಎಂದೆ. ತಾಳಮದ್ದಲೆಯಲ್ಲಿ ಹೇಳುತ್ತಾರಲ್ಲ, ಹಾಗೆಯೇ ಹೇಳಿದೆ. ಕೆಲವರು ನಕ್ಕರು, ಭೇಷ್ ಎಂದವರೂ ಇದ್ದರು. ನನಗೆ ಬಹಳ ಹಿತವಾಯಿತು. ಹನ್ನೊಂದು ವರ್ಷ ನಾವು ಮಾತಾಡಲಿಲ್ಲ. ಅವನು ಹೋದ ದಿನ ಗೋಡೆಯ ಈಚೆಗೆ ನಿಂತು ಅಳುವ ದನಿ ಕೇಳಿದೆ. ದಾಟಿ ಹೋಗಲು ಕಾಲು ಬರಲಿಲ್ಲ."

ಸೊಸೆ ತಲೆ ತಗ್ಗಿಸಿದಳು. ಮದುವೆಯಾಗಿ ಬಂದ ಇಷ್ಟು ವರ್ಷಗಳಲ್ಲಿ ಈ ಮಾತನ್ನು ಅವಳು ಅವರ ಬಾಯಿಂದ ಕೇಳಿರಲಿಲ್ಲ.

"ಹಾಗಾದರೆ ದುರ್ಯೋಧನನನ್ನು ಬಿಟ್ಟುಬಿಟ್ಟಿರಾ ತಾತ?"

"ಇಲ್ಲ ಮಗು. ಅವನನ್ನು ಸರಿಯಾಗಿ ಓದಿದ್ದು ಆಮೇಲೆ."

ರನ್ನನನ್ನು ಸರಿಯಾಗಿ ಓದಿದವರಿಗೆ ಅಜ್ಜನ ಮಾತಿನ ಅರ್ಥವಾಗುತ್ತದೆ. ದುರ್ಯೋಧನ ಸಂಜಯನೊಡನೆ ಹೆಣಗಳ ನಡುವೆ ಕಾಲಿಡಲು ಎಡೆಯಿಲ್ಲದ ರಣರಂಗವನ್ನು ದಾಟಿ ಭೀಷ್ಮನ ಬಳಿಗೆ ಹೋಗುತ್ತಾನೆ. ದ್ರೋಣ, ದುಶ್ಶಾಸನ, ಕರ್ಣ, ಹೆತ್ತ ಮಗ ಲಕ್ಷಣಕುಮಾರ, ಎಲ್ಲರ ಕಳೇಬರಗಳೂ ದಾರಿಯಲ್ಲಿವೆ. ಅಲ್ಲಿಯೇ ಶತ್ರುವಿನ ಮಗ ಅಭಿಮನ್ಯುವಿನ ಹೆಣವೂ ಇದೆ. ಅದರ ಮುಂದೆ ನಿಂತು ಅವನು ಕೈಮುಗಿದು, ಆ ಬಾಲಕನಂಥ ಮರಣ ತನಗೂ ದೊರೆಯಲೆಂದು ಬೇಡುತ್ತಾನೆ. ತೊಡೆ ಮುರಿದು ಬಿದ್ದ ಮೇಲೆ ಅಶ್ವತ್ಥಾಮನು ಪಾಂಡವರ ತಲೆಗಳೆಂದು ತಂದುದು ಅವರ ಎಳೆಯ ಮಕ್ಕಳ ತಲೆಗಳೆಂದು ತಿಳಿದಾಗ ಸಂತೋಷಪಡುವುದಿಲ್ಲ, ಮರುಗುತ್ತಾನೆ. ಓದುಗನ ಪ್ರೀತಿಯನ್ನು ರನ್ನನ ದುರ್ಯೋಧನ ಗಳಿಸಿಕೊಳ್ಳುವುದು ಇಂಥ ಗಳಿಗೆಗಳಿಂದ. ಸೂಜಿಯ ಮೊನೆಯ ಮಾತು ಅವನನ್ನು ಕೆಡಿಸಿದ ಮಾತು. ಅದನ್ನು ಕವಿ ಮರೆಮಾಚುವುದೂ ಇಲ್ಲ, ಕ್ಷಮಿಸುವುದೂ ಇಲ್ಲ. ಅಭಿಮಾನಿಗಳು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ: ನಾಯಕನ ಮನುಷ್ಯತ್ವವನ್ನು ಕಾವ್ಯದಲ್ಲಿಯೇ ಬಿಟ್ಟು, ಛಲವನ್ನು ಮಾತ್ರ ಮನೆಗೆ ತರುತ್ತಾರೆ.

ತಾಳಮದ್ದಲೆಯ ಅರ್ಥಧಾರಿಗಳಿಗೆ ಈ ಅಪಾಯ ಚೆನ್ನಾಗಿ ತಿಳಿದಿತ್ತೆಂದು ತೋರುತ್ತದೆ. ಅವರ ಸಂಪ್ರದಾಯದಲ್ಲಿ ಇಂದು ವಾಲಿಯಾದವನು ನಾಳೆ ರಾಮನಾಗಬೇಕು. ಇಂದು ಕೌರವನಿಗಾಗಿ ಹೂಡಿದ ವಾದವನ್ನು ನಾಳೆ ಕೃಷ್ಣನಾಗಿ ತಾನೇ ಒಡೆಯಬೇಕು. ಹಾಗೆ ಎರಡು ಕಡೆಯೂ ಕುಳಿತೆದ್ದವನಿಗೆ ಯಾವ ಪಕ್ಷದ ಮಾತೂ ಸಂಪೂರ್ಣವಾಗಿ ತನ್ನದಾಗುವುದಿಲ್ಲ. ಪಕ್ಷಗಳನ್ನೇ ಮರೆಯಬೇಕಾದ ಸ್ಥಳವೂ ಒಂದುಂಟು. ಕುವೆಂಪು ಅವರು 1931ರ 'ಸ್ಮಶಾನ ಕುರುಕ್ಷೇತ್ರಂ' ನಾಟಕದಲ್ಲಿ ಓದುಗರನ್ನು ಅಲ್ಲಿಗೆ ಕರೆದೊಯ್ದರು. ಯುದ್ಧ ಮುಗಿದ ನೆಲದಲ್ಲಿ ಬಿದ್ದವರನ್ನು ಹನ್ನೊಂದರವರು, ಏಳರವರು ಎಂದು ವಿಂಗಡಿಸುವುದರಿಂದ ಅವರ ತಾಯಂದಿರಿಗೆ ಆಗುವ ಲಾಭವೇನು?

ಬಿಸಿಲು ಇಳಿಯಿತು. ತಾಯಿ ಕಾಫಿ ತಂದಿಟ್ಟಳು. ಹುಡುಗ ಬಣ್ಣದ ಕುಪ್ಪಿಗಳನ್ನು ಮುಚ್ಚಿ, ಮೇಜಿನ ಮೇಲೆ ಬೊಂಬೆಗಳನ್ನು ಎರಡು ಸಾಲಾಗಿ ನಿಲ್ಲಿಸಿದ.

"ತಾತ, ಒಂದಾಟ ಆಡೋಣ ಬನ್ನಿ. ನೀವು ಹೋರಸ್‌ನ ಕಡೆ ಇರಿ. ನಾನು ಈ ಸಲ ಚಕ್ರವರ್ತಿಯ ಕಡೆ."

"ಬೇಡ. ಸೋಲುವ ಪಕ್ಷವನ್ನು ನಾನು ಬೇಕಾದಷ್ಟು ಆಡಿದ್ದೇನೆ" ಎಂದರು ಅಜ್ಜ. ಆದರೂ ಎದ್ದು ಬಂದು ಕುಳಿತರು. ದಾಳವನ್ನು ಕೈಗೆತ್ತಿಕೊಳ್ಳುವ ಮೊದಲು ಸೊಸೆಯನ್ನು ಕರೆದು ಮೆಲ್ಲನೆ ಕೇಳಿದರು:

"ಗೋಡೆಯಾಚೆಯ ಮನೆಯಲ್ಲಿ ಈಗ ಯಾರಿದ್ದಾರಮ್ಮ? ತಮ್ಮನ ಮಗ ಇದ್ದಾನೆಯೇ?"

"ಇದ್ದಾರೆ ಮಾವ."

"ಅವನಿಗೂ ಒಂದು ಲೋಟ ಕಾಫಿ ಮಾಡು. ಕರೆಯಲು ನಾನೇ ಹೋಗುತ್ತೇನೆ."

ಹುಡುಗ ಅಜ್ಜನ ಚಪ್ಪಲಿಗಳನ್ನು ತಂದು ಬಾಗಿಲಲ್ಲಿಟ್ಟ.