ತೆಂಗಿನ ಬೀಜವೂ ನಮ್ಮ ವಿದ್ಯಾಭ್ಯಾಸವೂ

ತುಮಕೂರು ಜಿಲ್ಲೆಗೆ ಕಲ್ಪತರು ನಾಡೆಂಬ ಹೆಸರು ಬಂದಿರುವುದು ತೆಂಗಿನಿಂದ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ತೆಂಗಿನ ತೋಟವಿಲ್ಲದ ಊರು ವಿರಳ. ತಿಪಟೂರಿನ ಉಂಡೆ ಕೊಬ್ಬರಿ ದೇಶದಲ್ಲೆಲ್ಲ ಹೆಸರಾದುದು. ಇಂಥ ನಾಡಿನ ಶಾಲೆಯಲ್ಲಿಯೂ ಬೀಜದ ರಚನೆಯ ಪಾಠ ಬಂದಾಗ ಮೇಜಿನ ಮೇಲೆ ಕಾಣುವುದು ನೆನೆಸಿದ ಅವರೆಕಾಳು ಮತ್ತು ಮುಸುಕಿನ ಜೋಳ. ದ್ವಿದಳ, ಏಕದಳಗಳ ಭೇದವನ್ನು ತೋರಿಸಲು ಇವು ಯೋಗ್ಯವಾದುವೇ, ಅದರಲ್ಲಿ ವಿವಾದವಿಲ್ಲ. ಆದರೆ ಕಿಟಕಿಯ ಹೊರಗೆ ನೇತಾಡುತ್ತಿರುವ ತೆಂಗಿನಕಾಯಿಯೂ ಒಂದು ಫಲ, ಅದರೊಳಗೂ ಒಂದು ಬೀಜವಿದೆ ಎಂಬುದನ್ನು ನಾವು ಮರೆಯುವುದರಿಂದ ಆಗುವ ನಷ್ಟ ಕೇವಲ ಪಾಠದ ನಷ್ಟವಲ್ಲ. ತೋಟದ ನಷ್ಟವೂ ಹೌದು ಎಂಬುದು ನನ್ನ ಅಭಿಪ್ರಾಯ.

ಏಕೆಂದರೆ, ಅವರೆಯ ಬೀಜ ಕೆಟ್ಟದಾದರೆ ಮುಂದಿನ ವರ್ಷವೇ ತಿದ್ದಿಕೊಳ್ಳಬಹುದು. ನಾಡಿನ ಎತ್ತರದ ತೆಂಗಾದರೋ ಫಲಕ್ಕೆ ಬರಲು ಆರೇಳು ವರ್ಷಗಳು ಬೇಕು. ಬಂದ ಮೇಲೆ ಅರವತ್ತು ವರ್ಷಗಳಿಗೂ ಮಿಕ್ಕಿ ನಿಲ್ಲುತ್ತದೆ. ಮಾವಿಗೆ ಕಟ್ಟುವಂತೆ ಅದಕ್ಕೆ ಕಸಿ ಕಟ್ಟಲಾಗದು; ಕೊಂಬೆಯೇ ಇಲ್ಲದ ಮರದಿಂದ ಕಡ್ಡಿ ತೆಗೆಯುವುದೆಂತು? ಪ್ರಯೋಗಾಲಯಗಳಲ್ಲಿ ಅಂಗಾಂಶ ಕೃಷಿಯ ಪ್ರಯತ್ನಗಳು ನಡೆದಿವೆಯಾದರೂ, ತೋಟ ಹಾಕುವ ರೈತನಿಗೆ ಇಂದಿಗೂ ಬೀಜದ ಕಾಯಿಯೇ ದಾರಿ. ಆದುದರಿಂದ ಒಂದು ಕಾಯಿಯನ್ನು ಬಿತ್ತನೆಗೆಂದು ಆರಿಸುವವನು ಎರಡು ತಲೆಮಾರುಗಳ ಬಾಳನ್ನು ಆರಿಸುತ್ತಾನೆ.

ಹಾಗಾದರೆ ಅವನು ನೋಡಬೇಕಾದುದು ಏನನ್ನು? ಸಾಮಾನ್ಯವಾಗಿ ರಾಶಿಯಲ್ಲಿ ದಪ್ಪನಾದ, ದುಂಡಾದ ಕಾಯಿಯನ್ನು ಆರಿಸುವುದುಂಟು. ಇಲ್ಲಿಯೇ ಬೀಜಶಾಸ್ತ್ರದ ಒಂದು ಸೂಕ್ಷ್ಮ ಅಂಶ ಅಡಗಿದೆ. ಕಾಯಿಯ ಹೊರಸಿಪ್ಪೆ, ನಾರಿನ ಮಟ್ಟೆ, ಗಟ್ಟಿಯಾದ ಕರಟ, ಈ ಮೂರೂ ಹೂವಿನ ಅಂಡಾಶಯದ ಗೋಡೆಯಿಂದ ಬೆಳೆದ ಭಾಗಗಳು. ಎಂದರೆ ಸಂಪೂರ್ಣವಾಗಿ ತಾಯಿಮರಕ್ಕೆ ಸೇರಿದುವು. ಕರಟದೊಳಗಿನ ಬಿಳಿಯ ತಿರುಳೂ ನೀರೂ ಸೇರಿ ಭ್ರೂಣದ ಆಹಾರ. ಅದರಲ್ಲಿ ವಂಶವಾಹಕಗಳ ಎರಡು ಪಾಲು ತಾಯಿಯದು, ಒಂದು ಪಾಲು ತಂದೆಯದು. ಮೆದುವಾದ ಕಣ್ಣಿನ ಕೆಳಗೆ, ತಿರುಳಿನಲ್ಲಿ ಹುದುಗಿರುವ ಕಡಲೆಕಾಳಿನಷ್ಟು ಗಾತ್ರದ ಭ್ರೂಣವೊಂದೇ ಮುಂದೆ ಮರವಾಗತಕ್ಕದ್ದು. ಅದರಲ್ಲಿ ತಾಯಿ ತಂದೆಯರ ಪಾಲು ಸರಿಸಮ. ಎತ್ತರದ ತೆಂಗಿನ ಹೊಂಬಾಳೆಯಲ್ಲಿ ಗಂಡು ಹೂಗಳು ಮೊದಲು ಅರಳಿ ಉದುರುತ್ತವೆ. ಹೆಣ್ಣು ಹೂ ಸಿದ್ಧವಾಗುವುದು ಬಹುಮಟ್ಟಿಗೆ ಅನಂತರ. ಹೀಗಾಗಿ ಗಾಳಿಯೋ ಜೇನೋ ಬೇರೊಂದು ಮರದ ಪರಾಗವನ್ನು ತರುತ್ತದೆ. ಕೈಯಲ್ಲಿ ಹಿಡಿದ ಕಾಯಿ ಎಷ್ಟೇ ಅಂದವಾಗಿದ್ದರೂ ಅದು ತೋರಿಸುವುದು ತಾಯಿಯ ಮುಖವನ್ನು ಮಾತ್ರ. ತಂದೆಯ ಪರಿಚಯ ಅದರ ಹೊರಮೈಯಲ್ಲಿ ಇಲ್ಲ.

ಇದು ಪುಸ್ತಕದ ತರ್ಕವಲ್ಲ. ಕಾಸರಗೋಡು ಸೀಮೆಯಲ್ಲಿ ತೆಂಗಿನ ಸಂಶೋಧನೆ 1916ರಲ್ಲಿಯೇ ಆರಂಭವಾಯಿತು. ಆ ಸೀಮೆಯ ನೀಲೇಶ್ವರದಲ್ಲಿ 1932ರಲ್ಲಿ ಜೆ. ಎಸ್. ಪಟೇಲರು ಎತ್ತರದ ತೆಂಗನ್ನು ಗಿಡ್ಡ ತೆಂಗಿನೊಡನೆ ಸಂಕರಗೊಳಿಸಿದರು. ಇಂಥ ಸಂಕರದಲ್ಲಿ ತಾಯಿಮರದ ಮೇಲೆ ಬಿಡುವ ಕಾಯಿ ತಾಯಿಯ ಕಾಯಿಗಳಂತೆಯೇ ಇರುತ್ತದೆ. ಸಂಕರದ ಗುಣ ಬಯಲಾಗುವುದು ಮೊಳೆತ ಸಸಿಯಲ್ಲಿ. ಆದುದರಿಂದಲೇ ತಜ್ಞರು ರಾಶಿಯಿಂದ ಕಾಯಿಯನ್ನಲ್ಲ, ತೋಟದಿಂದ ಮರವನ್ನು ಮೊದಲು ಆರಿಸಿರೆಂದು ಹೇಳುತ್ತಾರೆ. ಇಪ್ಪತ್ತು ವರ್ಷ ದಾಟಿ, ಮಳೆಯಾಶ್ರಯದಲ್ಲಿಯೂ ವರ್ಷಕ್ಕೆ 80ಕ್ಕೆ ಕಡಿಮೆಯಿಲ್ಲದೆ ಕಾಯಿ ಕೊಡುತ್ತ, ತಲೆಯಲ್ಲಿ ಮೂವತ್ತಾದರೂ ಗರಿಗಳನ್ನು ಹೊತ್ತ ಆರೋಗ್ಯವಂತ ಮರ ತಾಯಿಯಾಗಲು ಯೋಗ್ಯ. ಅದರಿಂದ ಹನ್ನೊಂದು ಹನ್ನೆರಡು ತಿಂಗಳು ಬಲಿತ ಕಾಯಿ ತೆಗೆಯಬೇಕು. ತಂದೆಯ ಪಾಲನ್ನು ಕಣ್ಣಾರೆ ಕಾಣುವಂತಿಲ್ಲವಾದ್ದರಿಂದ ಎರಡನೆಯ ಆಯ್ಕೆ ಸಸಿಮಡಿಯಲ್ಲಿ: ಬೇಗ ಮೊಳೆತ, ಬುಡ ದಪ್ಪನಾದ, ಗರಿ ಬೇಗ ಸೀಳಿದ ಸಸಿಗಳನ್ನು ಉಳಿಸಿಕೊಂಡು ಮಿಕ್ಕವನ್ನು ನಿರ್ದಾಕ್ಷಿಣ್ಯವಾಗಿ ತೆಗೆದುಹಾಕಬೇಕು. ನಮ್ಮದೇ ಆದ ತಿಪಟೂರು ಎತ್ತರದ ತಳಿಯಿಂದ ಹೀಗೆ ಆರಿಸಿದುದೇ ಉಂಡೆ ಕೊಬ್ಬರಿಗೆ ಒಪ್ಪುವ ‘ಕಲ್ಪತರು’ ತಳಿ.

ತೆಂಗಿನ ಬಂಧುಬಳಗವನ್ನು ನೋಡಿದರೆ ಅದರ ಬೀಜದ ವೈಶಿಷ್ಟ್ಯ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಸಸ್ಯಶಾಸ್ತ್ರಜ್ಞರು ಅರೆಕೇಸೀ ಎಂದು ಹೆಸರಿಸಿರುವ ತಾಳೆಯ ಕುಟುಂಬದಲ್ಲಿ ಸುಮಾರು 2,600 ಪ್ರಭೇದಗಳಿವೆ. ಇವುಗಳ ಅಂಡಾಶಯ ಸಾಮಾನ್ಯವಾಗಿ ಮೂರು ಭಾಗಗಳದ್ದು. ತಾಟಿನುಂಗಿನಲ್ಲಿ ಅನೇಕ ವೇಳೆ ಮೂರೂ ಭಾಗಗಳು ಬೀಜ ಕಟ್ಟುತ್ತವೆ. ತೆಂಗಿನಲ್ಲಿ ಒಂದೇ ಬೀಜ ಉಳಿದು, ಮಿಕ್ಕೆರಡರ ನೆನಪಾಗಿ ಕರಟದ ಮೇಲೆ ಎರಡು ಕುರುಡು ಕಣ್ಣುಗಳು ನಿಂತಿವೆ. ಅಡಕೆಯನ್ನು ಅಡ್ಡಲಾಗಿ ಕತ್ತರಿಸಿದಾಗ ಕಾಣುವ ಕಂದು ಗೆರೆಗಳು, ಬೀಜದ ಹೊದಿಕೆ ತಿರುಳಿನೊಳಕ್ಕೆ ಮಡಿಚಿಕೊಂಡುದರ ಗುರುತು. ಈಚಲಿನ ಬೀಜ ಕಲ್ಲಿನಂತೆ ಗಟ್ಟಿ. ಬೆತ್ತದ ಹಣ್ಣಿನ ಮೈಯೆಲ್ಲ ಹಾವಿನ ಪೊರೆಯಂಥ ಹುರುಪೆ. ಸೆಶೆಲ್ಸ್ ದ್ವೀಪಗಳ ಜೋಡಿ ತೆಂಗಿನ ಬೀಜವಂತೂ ಸಸ್ಯಲೋಕದಲ್ಲಿಯೇ ಅತ್ಯಂತ ದೊಡ್ಡದು. ಆದರೆ ಇಷ್ಟೊಂದು ದ್ರವಾಹಾರವನ್ನು ಬೀಜದೊಳಗೆ ತುಂಬಿಟ್ಟುಕೊಳ್ಳುವುದರಲ್ಲಿ ತೆಂಗಿಗೆ ಸಾಟಿಯಿಲ್ಲ. ಆ ನೀರಿನ ಶಕ್ತಿಯನ್ನರಿತ ವ್ಯಾನ್ ಓವರ್‌ಬೀಕ್ ಮತ್ತು ಅವರ ಸಂಗಡಿಗರು 1941ರಲ್ಲಿ ಅದನ್ನು ಬೆರೆಸಿದ ದ್ರಾವಣದಲ್ಲಿ ದತ್ತೂರಿಯ ತೀರ ಎಳೆಯ ಭ್ರೂಣಗಳನ್ನು ಬೆಳೆಸಿದರು.

ಭೌತಶಾಸ್ತ್ರ ಹೇಳಿಕೊಡುವವನಿಗೆ ಬೀಜದ ಗೊಡವೆ ಏಕೆಂದು ಕೆಲವರು ಕೇಳಬಹುದು. ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಾಡಿಸಿರಿ. ಎಳನೀರಿನ ಕಾಯಿ ಸದ್ದು ಮಾಡದು. ಒಳಗೆ ನೀರು ತುಂಬಿದ್ದು ಗಾಳಿಗೆ ಎಡೆಯಿಲ್ಲ. ಬಲಿತ ಕಾಯಿಯಲ್ಲಿ ನೀರು ತಗ್ಗಿ ಗಾಳಿಗೆ ಜಾಗವಾದುದರಿಂದ ನೀರು ತುಳುಕುವ ಸದ್ದು. ಅಟ್ಟದ ಮೇಲೆ ತಿಂಗಳುಗಟ್ಟಲೆ ಇದ್ದ ಕಾಯಿಯಲ್ಲಿ ನೀರು ಆರಿ, ತಿರುಳು ಕುಗ್ಗಿ ಕರಟವನ್ನು ಬಿಟ್ಟು, ಉಂಡೆ ಕರಟಕ್ಕೆ ಬಡಿಯುವ ಸದ್ದು. ನಮ್ಮ ಮನೆಗಳ ಹೆಂಗಸರು ಈ ಮೂರು ಸದ್ದುಗಳನ್ನು ಚೆನ್ನಾಗಿ ಬಲ್ಲರು. ಅದರ ಕಾರಣವನ್ನು ಹೇಳಬೇಕಾದವನು ಕಾಲೇಜಿಗೆ ಹೋದ ಮಗ. ಹದಿನೈದು ಮೀಟರ್ ಎತ್ತರದಿಂದ ಬೀಳುವ ಕಾಯಿ, ಗಾಳಿಯ ತಡೆಯನ್ನು ಗಣಿಸದಿದ್ದರೆ, ಸೆಕೆಂಡಿಗೆ ಸುಮಾರು 17 ಮೀಟರ್ ವೇಗದಿಂದ ನೆಲವನ್ನು ಮುಟ್ಟುತ್ತದೆ. ಆ ಪೆಟ್ಟನ್ನು ನಾರಿನ ಮಟ್ಟೆ ಹೇಗೆ ತಡೆದುಕೊಳ್ಳುತ್ತದೆಂಬುದು ಬಲ ಮತ್ತು ಚಲನೆಯ ಪಾಠಕ್ಕೆ ಎಷ್ಟು ಒಳ್ಳೆಯ ಲೆಕ್ಕ!

ನನ್ನ ಸೂಚನೆ ಸರಳವಾದುದು. ಈ ಮೂರು ತಾಲ್ಲೂಕುಗಳ ಪ್ರತಿಯೊಂದು ಪ್ರೌಢಶಾಲೆ, ಕಾಲೇಜುಗಳಲ್ಲಿ ಒಂದು ಸಣ್ಣ ಸಸಿಮಡಿ ಇರಲಿ. ವಿದ್ಯಾರ್ಥಿಗಳು ತಮ್ಮ ತೋಟದ ಒಂದೊಂದು ಮರಕ್ಕೆ ಸಂಖ್ಯೆ ಕೊಟ್ಟು, ಗೊನೆ, ಕಾಯಿ, ಸುಲಿದ ಕಾಯಿಯ ತೂಕಗಳನ್ನು ಬರೆದಿಡಲಿ. ಆ ಮರದ ಕಾಯಿಗಳನ್ನು ಜೂನ್ ತಿಂಗಳಲ್ಲಿ ಮಡಿಗೆ ಹಾಕಿ, ಯಾವುದು ಎಂದು ಮೊಳೆಯಿತೆಂಬುದನ್ನು ದಾಖಲಿಸಲಿ. ತೆಂಗು ಮೊಳೆಯಲು ತಿಂಗಳುಗಳು ಬೇಕು, ಪಾಠದ ಅವಧಿಗೆ ಹೊಂದದು ಎಂಬ ಆಕ್ಷೇಪಣೆ ಬರಬಹುದು. ಆದರೆ ಮಳೆಗಾಲದಲ್ಲಿ ಹಾಕಿದ ಕಾಯಿಗಳಲ್ಲಿ ಬಹುಪಾಲು ಶಾಲೆಯ ವರ್ಷ ಮುಗಿಯುವುದರೊಳಗೆ ಮೊಳೆತಿರುತ್ತವೆ. ಪರೀಕ್ಷೆಯಲ್ಲಿ ಇದನ್ನು ಕೇಳುವುದಿಲ್ಲ ಎಂಬ ಇನ್ನೊಂದು ಆಕ್ಷೇಪಣೆ ನಿಜವೇ. ಅದಕ್ಕೆ ಉತ್ತರ, ಪ್ರಶ್ನಪತ್ರಿಕೆಯನ್ನು ತಿದ್ದುವುದೇ ಹೊರತು ತೆಂಗನ್ನು ಬಿಡುವುದಲ್ಲ.

ಅವರೆಕಾಳಿನ ಚಿತ್ರ ಬರೆದು ಅಂಕ ಪಡೆದ ಹುಡುಗನೇ ನಾಳೆ ತಂದೆಯ ತೋಟದಲ್ಲಿ ಬಿದ್ದ ಮರದ ಜಾಗಕ್ಕೆ ಸಸಿ ಹುಡುಕುವವನು. ಆಗ ಅವನು ದಪ್ಪನೆಯ ಕಾಯಿಯೊಂದನ್ನು ಎತ್ತಿಕೊಳ್ಳದೆ, ಇದರ ತಾಯಿಮರ ಯಾವುದು, ಇದರ ಜೊತೆಯ ಸಸಿಗಳು ಹೇಗೆ ಬಂದಿವೆ ಎಂದು ಕೇಳಿದನಾದರೆ ನಾವು ಕಲಿಸಿದ ವಿಜ್ಞಾನ ಸಾರ್ಥಕವಾಯಿತೆಂದು ತಿಳಿಯೋಣ.